ಮನೆಯ ಕಂಪ್ಯೂಟರ್ ಈಗ ನಿನ್ನ ಕೈಯಲ್ಲಿ

ಪುಟ್ಟಿ,

ಯಾವ ಮನೆಗೆ ಕಂಪ್ಯೂಟರ್ ಬಂದರೂ ಅದನ್ನು ನೋಡಿಕೊಳ್ಳುವ ಹೊಣೆ ಒಬ್ಬರ ತಲೆಗೇ ಬೀಳುತ್ತದೆ. ಪ್ರಿಂಟರ್ ಕಾಗದ ಕಚ್ಚಿಕೊಂಡರೆ ಅವರನ್ನೇ ಕೂಗುತ್ತಾರೆ. ಪಹಣಿ ತೆಗೆಯಬೇಕಾದರೂ ಅವರೇ ಬೇಕು, ಚಿಕ್ಕಪ್ಪನ ಮದುವೆ ಫೋಟೋ ಎಲ್ಲಿದೆ ಎಂದು ಹೇಳಬೇಕಾದವರೂ ಅವರೇ. ನಮ್ಮ ಮನೆಯಲ್ಲಿ ಇಷ್ಟು ದಿನ ಆ ಕೆಲಸ ನಿನ್ನಪ್ಪನದಾಗಿತ್ತು. ಅವನು ಬೆಳಗ್ಗೆ ಬೆಂಗಳೂರಿನ ರೈಲು ಹತ್ತಿದರೆ ಮನೆ ಸೇರುವುದು ರಾತ್ರಿಗೆ. ಹಾಗಾಗಿ ಅದು ನಿನ್ನ ಪಾಲಿಗೆ ಬಂದಿದೆ, ನೀನೂ ಇಷ್ಟಪಟ್ಟೇ ಕೈಗೆತ್ತಿಕೊಂಡಿದ್ದೀಯ. ನನಗೆ ಅದು ತುಂಬ ಸಂತೋಷ.

ಹೊಸ ಕಂಪ್ಯೂಟರ್ ಕೊಡಿಸಿ ಎಂದು ಕೇಳುತ್ತಿದ್ದೀಯ. ಕೊಡಿಸೋಣ, ಅದಕ್ಕೆ ಕಾಲ ಬರುತ್ತದೆ. ಅದಕ್ಕೆ ಮೊದಲು ದುಡ್ಡನ್ನು ಎಲ್ಲಿ ಹಾಕಬೇಕು ಅನ್ನುವುದರಲ್ಲಿ ನನ್ನ ಮಾತು ಸ್ವಲ್ಪ ಕೇಳು. ಪೆಟ್ಟಿಗೆ ಅಂಗಡಿಯಲ್ಲಿ ಸಿಗುತ್ತದೆ. ಅದರೊಳಗೆ ಮನೆಯವರು ವರ್ಷಗಟ್ಟಲೆ ತುಂಬಿಟ್ಟದ್ದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ನಾನು ಹೇಳಲಿರುವ ಸಣ್ಣಪುಟ್ಟ ಸಾಮಾನು, ತಂತ್ರಾಂಶ ಎಲ್ಲವೂ ಆ ಒಳಗಿನದನ್ನು ಕಾಪಾಡಿಕೊಳ್ಳುವುದಕ್ಕೇ.

ಮೊದಲು ಕರೆಂಟಿನ ವಿಚಾರ. ನಮ್ಮ ಊರಿನಲ್ಲಿ ಕಂಪ್ಯೂಟರಿಗೆ ವೈರಸ್ಸಿಗಿಂತ ದೊಡ್ಡ ಶತ್ರು ಗೋಡೆಯ ಸಾಕೆಟ್ಟಿನಿಂದ ಬರುತ್ತದೆ. ಸಾಕೆಟ್ಟಿನಲ್ಲಿ ಇರಬೇಕಾದದ್ದು 230 ವೋಲ್ಟ್. ಸಂಜೆ ಹೊತ್ತು ಅದು ಇಳಿಯುತ್ತದೆ, ಹೋದ ಕರೆಂಟು ಮರಳುವಾಗ ಒಮ್ಮೆ ಜಿಗಿಯುತ್ತದೆ. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಡಿಸ್ಕಿನ ಮೇಲಿನ ಕಡತ ಅರ್ಧಕ್ಕೇ ನಿಂತು ಕೆಡುತ್ತದೆ. ಅದಕ್ಕೇ ಮೇಜಿನ ಕಂಪ್ಯೂಟರಿಗೆ ಯುಪಿಎಸ್ ಇರಲೇಬೇಕು. 600 ವಿಎ ಅಳತೆಯ ಸಣ್ಣದು ಸಾಕು. ಅದು ಇರುವುದು ಗಂಟೆಗಟ್ಟಲೆ ಕೆಲಸ ಮಾಡಲಿಕ್ಕಲ್ಲ, ಉಳಿಸಿ ಮುಚ್ಚುವುದಕ್ಕೆ ಬೇಕಾದ ಕೆಲವು ನಿಮಿಷಗಳಿಗೆ. ಲೇಸರ್ ಪ್ರಿಂಟರನ್ನು ಮಾತ್ರ ಅದಕ್ಕೆ ಸಿಕ್ಕಿಸಬೇಡ. ಟೋನರ್ ಪುಡಿಯನ್ನು ಕಾಗದಕ್ಕೆ ಅಂಟಿಸಲು ಅದರೊಳಗಿನ ಉರುಳೆ ಕಾಯಬೇಕು, ಆ ಕ್ಷಣಕ್ಕೆ ಅದು ಎಳೆಯುವ ಕರೆಂಟು ಸಣ್ಣ ಯುಪಿಎಸ್ಸಿಗೆ ತಡೆಯದು. ಮನೆಯ ಇನ್ವರ್ಟರಿನಲ್ಲೂ ಹಿಂಬದಿಯಲ್ಲಿ ಯುಪಿಎಸ್ ಎಂದು ಬರೆದ ಸ್ವಿಚ್ ಇರುತ್ತದೆ, ಅದನ್ನು ಆ ಕಡೆಗೆ ಒತ್ತಿಟ್ಟರೆ ಕರೆಂಟು ಬದಲಾಗುವ ಹೊತ್ತು ಕಡಿಮೆಯಾಗಿ ಕಂಪ್ಯೂಟರ್ ನಿಲ್ಲದೆ ನಡೆಯುತ್ತದೆ.

ಅರ್ಥಿಂಗ್ ಬಗ್ಗೆ ಯಾರೂ ಕೇಳುವುದಿಲ್ಲ. ಕಂಪ್ಯೂಟರಿನ ತಗಡು ಮುಟ್ಟಿದಾಗ ಜುಮ್ ಅಂದರೆ ಅದನ್ನು ಅಭ್ಯಾಸ ಮಾಡಿಕೊಳ್ಳಬೇಡ, ಎಲೆಕ್ಟ್ರಿಷಿಯನ್‌ನನ್ನು ಕರೆಸು. ನಮ್ಮ ಹಿತ್ತಲಲ್ಲಿ ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿ ಇದೆಯಲ್ಲ, ಬೇಸಿಗೆಯಲ್ಲಿ ಮಣ್ಣು ಒಣಗಿ ಅದು ಕೆಲಸ ಬಿಡುತ್ತದೆ. ಶಿವರಾತ್ರಿ ಕಳೆದ ಮೇಲೆ ಆಗಾಗ ಒಂದು ಬಿಂದಿಗೆ ನೀರು ಹಾಕು. ಇನ್ನು ಅಶ್ವಿನಿ, ಭರಣಿ ಮಳೆಯ ಗುಡುಗು ದೇವರಾಯನದುರ್ಗದ ಕಡೆಯಿಂದ ಕೇಳಿಸಿದರೆ ಸ್ವಿಚ್ ಆಫ್ ಮಾಡಿ ಸುಮ್ಮನಿರಬೇಡ, ಪ್ಲಗ್ಗನ್ನೇ ಕಿತ್ತಿಡು. ರೂಟರಿನದನ್ನೂ ಕೀಳು. ಅದಕ್ಕೂ ಕಂಪ್ಯೂಟರಿಗೂ ನಡುವೆ ತಂತಿ ಎಳೆದಿದ್ದರೆ ಅದನ್ನೂ ಬಿಚ್ಚು. ಇಂಟರ್ನೆಟ್ಟಿನ ಫೈಬರ್ ಗಾಜಿನದು, ಅದರಲ್ಲಿ ಸಿಡಿಲು ಹರಿಯದು. ಹರಿಯುವುದು ರೂಟರಿನ ಅಡಾಪ್ಟರಿನ ಮೂಲಕ. ಸ್ಪೈಕ್ ಗಾರ್ಡ್ ಒಳ್ಳೆಯ ಸಾಮಾನೇ, ಆದರೆ ಹತ್ತಿರದಲ್ಲಿ ಬಿದ್ದ ಸಿಡಿಲಿಗೆ ಅದು ಅಡ್ಡ ನಿಲ್ಲದು.

ಅಡಾಪ್ಟರ್ ಕೊಳ್ಳುವಾಗ ಕಣ್ಣು ಕಿರಿದು ಮಾಡಿಯಾದರೂ ಮೈಮೇಲಿನ ಅಚ್ಚು ಓದು. ಐಎಸ್ 13252 ಎಂಬ ಸಂಖ್ಯೆಯೂ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ಅದು ಭಾರತೀಯ ಮಾನಕ ಸಂಸ್ಥೆಯ ಗುರುತು. ಅದಿಲ್ಲದ್ದು ಎಷ್ಟು ಅಗ್ಗವಾದರೂ ಬೇಡ.

ನಾನು ಎಚ್‌ಎಂಟಿ ಕಾರ್ಖಾನೆಯಲ್ಲಿ ಕೈಗಡಿಯಾರ ಜೋಡಿಸುತ್ತಿದ್ದವನು. 2016ರಲ್ಲಿ ಸರ್ಕಾರ ಅದನ್ನು ಮುಚ್ಚುವ ತೀರ್ಮಾನ ಮಾಡಿತು, ಆ ಜಾಗ ಈಗ ಇಸ್ರೋದ್ದು. ಆದರೆ ಅಲ್ಲಿ ಕೈಗೆ ಹತ್ತಿದ ಅಭ್ಯಾಸ ಈ ಪೆಟ್ಟಿಗೆ ಬಿಚ್ಚುವುದಕ್ಕೂ ಬರುತ್ತದೆ. ತಿರುಪುಗಳನ್ನು ತೆಗೆದ ಕ್ರಮದಲ್ಲೇ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡು. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೋ. ಮೊನೆಯಲ್ಲಿ ಅಯಸ್ಕಾಂತವಿರುವ ಸ್ಕ್ರೂಡ್ರೈವರ್, ಬಣ್ಣ ಹಚ್ಚುವ ಮೆತ್ತನೆ ಬ್ರಷ್, ಕೈಯಲ್ಲಿ ಅದುಮುವ ರಬ್ಬರ್ ಬ್ಲೋಯರ್, ಇಷ್ಟಿದ್ದರೆ ವರ್ಷಕ್ಕೆರಡು ಸಲ ಧೂಳು ತೆಗೆಯಬಹುದು. ಫ್ಯಾನಿಗೆ ಗಾಳಿ ಊದುವಾಗ ಅದರ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೋ. ಗಾಳಿಯ ರಭಸಕ್ಕೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಹೋಗುತ್ತದೆ.

ಮದರ್‌ಬೋರ್ಡಿನ ಮೇಲೆ ಬಿಲ್ಲೆಯಂಥ ಒಂದು ಬ್ಯಾಟರಿ ಇದೆ, ಹೆಸರು ಸಿಆರ್ 2032, 3 ವೋಲ್ಟಿನದು. ಕಂಪ್ಯೂಟರ್ ಆಫ್ ಆಗಿದ್ದಾಗಲೂ ದಿನಾಂಕವನ್ನು ನೆನಪಿಟ್ಟುಕೊಳ್ಳುವುದು ಅದೇ. ಅದು ಸತ್ತರೆ ಕಂಪ್ಯೂಟರ್ ಯಾವುದೋ ಹಳೇ ವರ್ಷಕ್ಕೆ ಹೋಗಿ ಕೂರುತ್ತದೆ. ಆಗ ಬ್ಯಾಂಕಿನ ಜಾಲತಾಣವೂ ತೆರೆಯುವುದಿಲ್ಲ, ಸರ್ಕಾರದ್ದೂ ತೆರೆಯುವುದಿಲ್ಲ, ಸುರಕ್ಷಿತವಲ್ಲ ಎಂಬ ಕೆಂಪು ಎಚ್ಚರಿಕೆ ಬರುತ್ತದೆ. ಕಾರಣ ಇಷ್ಟೇ, ಪ್ರತಿ ಜಾಲತಾಣದ ಗುರುತುಪತ್ರಕ್ಕೂ ಇಂತಿಂಥ ದಿನದಿಂದ ಇಂತಿಂಥ ದಿನದವರೆಗೆ ಎಂಬ ಅವಧಿ ಇರುತ್ತದೆ, ತಪ್ಪು ದಿನಾಂಕಕ್ಕೆ ಅದು ಹೊಂದುವುದಿಲ್ಲ. ಇದು ತಿಳಿಯದೆ ಜನ ವಿಂಡೋಸನ್ನೇ ಹೊಸದಾಗಿ ಹಾಕಿಸಿ ದುಡ್ಡು ಕಳೆದುಕೊಳ್ಳುತ್ತಾರೆ. ಹತ್ತಿರದ ವಾಚ್ ಅಂಗಡಿಯಲ್ಲಿ ಸಿಗುವ ಬ್ಯಾಟರಿ ಅದು.

ಕಂಪ್ಯೂಟರ್ ನಿಧಾನ ಅನ್ನುತ್ತೀಯಲ್ಲ, ನಿಜ. ಆದರೆ ನಿಧಾನವಾಗಿರುವುದು ಅದರ ಮಿದುಳಲ್ಲ, ಒಳಗೆ ತಿರುಗುವ ಹಳೇ ಹಾರ್ಡ್ ಡಿಸ್ಕ್. ತಟ್ಟೆ ತಿರುಗಬೇಕು, ಮುಳ್ಳು ಜಾಗ ಹುಡುಕಬೇಕು, ಆಮೇಲೆ ಓದಬೇಕು. ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿಸು. 256 ಜಿಬಿಯದಾದರೂ ನಡೆಯುತ್ತದೆ, 500 ಆದರೆ ನಿಶ್ಚಿಂತೆ. ಆನ್ ಮಾಡಿ ಕಾಫಿ ಕುಡಿದು ಬರುವ ಹೊತ್ತು ಹಿಡಿಯುತ್ತಿದ್ದದ್ದು ಕೂತಲ್ಲೇ ತೆರೆದುಕೊಳ್ಳುತ್ತದೆ. ರ‍್ಯಾಮ್ 4 ಜಿಬಿ ಇದ್ದರೆ 8 ಮಾಡಿಸು. ಡಿಡಿಆರ್ 3ರ ಜಾಗದಲ್ಲಿ ಡಿಡಿಆರ್ 4 ಕೂರುವುದಿಲ್ಲ, ಅದಕ್ಕೆ ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗು. ಇಲ್ಲಿ ಸಿಗದಿದ್ದರೆ ಅಪ್ಪ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರುತ್ತಾನೆ. ಈ ಎರಡಕ್ಕೆ ಹೊಸ ಯಂತ್ರದ ಬೆಲೆಯ ಒಂದು ಭಾಗ ಸಾಕು.

ಒಂದು ತೊಡಕಿದೆ, ಮುಚ್ಚಿಡುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಲು ಟಿಪಿಎಂ 2.0 ಎಂಬ ಭದ್ರತೆಯ ಚಿಪ್ಪು ಬೇಕು, ಹಳೇ ಯಂತ್ರಗಳಲ್ಲಿ ಅದಿಲ್ಲ. ನಮ್ಮದು ಆ ಸಾಲಿನದಾಗಿದ್ದರೆ ಲಿನಕ್ಸ್ ಮಿಂಟ್ ಹಾಕಿ ನೋಡು. ಅದನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು, ಡಿಸ್ಕಿನಲ್ಲಿರುವ ಏನನ್ನೂ ಮುಟ್ಟದೆ ಮೊದಲು ನಡೆಸಿ ನೋಡಬಹುದು. ನಿನ್ನಜ್ಜಿ ನೋಡುವ ಭಜನೆಯ ವಿಡಿಯೋ, ನನ್ನ ಪತ್ರ, ನಿನ್ನ ಪಾಠ, ಮೂರೂ ಅದರಲ್ಲಿ ನಡೆಯುತ್ತವೆ. ನೂರಿನ್ನೂರಕ್ಕೆ ವಿಂಡೋಸಿನ ಕೀ ಹಾಕಿಕೊಡುತ್ತೇನೆ ಅನ್ನುವವರ ಬಳಿ ಹೋಗಬೇಡ. ಕದ್ದ ತಂತ್ರಾಂಶದ ಜೊತೆಗೆ ಏನೇನು ಒಳಗೆ ಬರುತ್ತದೆಂದು ಹಾಕಿದವನಿಗೂ ಗೊತ್ತಿರುವುದಿಲ್ಲ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಕುಣಿಗಲ್ಲಿನ ನಮ್ಮ ನೆಂಟರ ಮನೆಯಲ್ಲಿ ಮದುವೆಯ ಫೋಟೋಗಳು, ಮಗುವಿನ ನಾಮಕರಣದ್ದು, ತೀರಿಹೋದ ಹಿರಿಯರ ಕೊನೆಯ ಚಿತ್ರಗಳು ಎಲ್ಲ ಒಂದೇ ಹಾರ್ಡ್ ಡಿಸ್ಕಿನಲ್ಲಿದ್ದವು. ಅದು ಟಕ್ ಟಕ್ ಎಂದು ಸದ್ದು ಮಾಡತೊಡಗಿದಾಗಲೂ ಯಾರೂ ಗಮನಿಸಲಿಲ್ಲ. ಒಂದು ದಿನ ನಿಂತಿತು. ದತ್ತಾಂಶ ಮರಳಿ ತೆಗೆಸುವ ಖರ್ಚು ಕೇಳಿ ಅವರು ಕೈಬಿಟ್ಟರು. ಆ ಮನೆಯ ಹೆಣ್ಣುಮಗಳು ತನ್ನ ತಾಯಿಯ ಮುಖವಿದ್ದ ಫೋಟೋ ಯಾರ ಬಳಿಯಾದರೂ ಇದೆಯಾ ಎಂದು ನೆಂಟರಿಗೆಲ್ಲ ಫೋನು ಮಾಡಿ ಕೇಳಿದ್ದು ನನಗೆ ಇವತ್ತಿಗೂ ಸಂಕಟ. ಡಿಸ್ಕ್ ಸಾಯುತ್ತದೆ ಪುಟ್ಟಿ. ಯಾವ ಕಂಪನಿಯದ್ದಾದರೂ ಸಾಯುತ್ತದೆ, ಯಾವಾಗ ಅನ್ನುವುದು ಮಾತ್ರ ಗೊತ್ತಿಲ್ಲ.

ಹಾಗಾಗಿ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಳ್ಳು, ಹೊಸ ಕಂಪ್ಯೂಟರಿಗಿಂತ ಮೊದಲು ಕೊಳ್ಳಬೇಕಾದದ್ದು ಅದು. ಫ್ರೀಫೈಲ್‌ಸಿಂಕ್ ಎಂಬ ಉಚಿತ ತಂತ್ರಾಂಶವಿದೆ. ಎರಡು ಫೋಲ್ಡರುಗಳನ್ನು ಎದುರುಬದುರು ಇಟ್ಟು ಹೊಸದಾಗಿ ಬಂದದ್ದನ್ನಷ್ಟೇ ನಕಲು ಮಾಡುತ್ತದೆ. ಅದರಲ್ಲಿ ಅಪ್‌ಡೇಟ್ ಎಂಬ ಬಗೆಯನ್ನು ಆರಿಸು. ಮಿರರ್ ಅನ್ನುವುದನ್ನು ಆರಿಸಿದರೆ ಇಲ್ಲಿ ಕೈತಪ್ಪಿ ಅಳಿಸಿದ್ದು ಅಲ್ಲಿಯೂ ಅಳಿದುಹೋಗುತ್ತದೆ. ನಕಲು ಮುಗಿದ ಮೇಲೆ ಡಿಸ್ಕನ್ನು ಬಿಚ್ಚಿ ಬೀರುವಿನಲ್ಲಿಡು. ಸದಾ ಸಿಕ್ಕಿಸಿಯೇ ಇಟ್ಟರೆ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಬಂದಾಗ ಮೂಲದ ಜೊತೆ ನಕಲೂ ಹೋಗುತ್ತದೆ. ಇನ್ನೊಂದು ನಕಲು ಈ ಮನೆಯಲ್ಲೇ ಇರಬಾರದು. ಕುಣಿಗಲ್ಲಿನ ಅತ್ತೆ ಮನೆಯಲ್ಲಿ ಒಂದಿರಲಿ, ಅವರದ್ದು ನಮ್ಮಲ್ಲಿರಲಿ, ಹಬ್ಬಕ್ಕೆ ಹೋದಾಗ ಹೊಸದನ್ನು ಸೇರಿಸಿಕೊಳ್ಳಿ. ಕ್ರಯಪತ್ರ, ಖಾತೆ, ಆಧಾರ್‌ಗಳಿರುವ ಫೋಲ್ಡರನ್ನು ಮಾತ್ರ 7-ಜಿಪ್‌ನಲ್ಲಿ ಪಾಸ್‌ವರ್ಡ್ ಹಾಕಿ ಕಟ್ಟಿ ಕೊಡು. ಗೂಗಲ್‌ನಲ್ಲಿ ಎಲ್ಲ ಇದೆಯಲ್ಲ ತಾತ ಅನ್ನಬೇಡ. ಅಲ್ಲಿ ಪುಕ್ಕಟೆ ಸಿಗುವುದು 15 ಜಿಬಿ. 2021ರ ಜೂನ್‌ನಿಂದ ಹೊಸ ಫೋಟೋಗಳೂ ಆ ಲೆಕ್ಕದೊಳಗೇ ಬರುತ್ತವೆ, ಇಮೇಲ್ ಕೂಡ ಅದೇ ಜಾಗವನ್ನು ಹಂಚಿಕೊಳ್ಳಬೇಕು.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬುದೊಂದು ಸಣ್ಣ ತಂತ್ರಾಂಶ ಡಿಸ್ಕಿನ ನಾಡಿ ಹಿಡಿದು ಹೇಳುತ್ತದೆ. ನೀಲಿ ತೋರಿಸಿದರೆ ಒಳ್ಳೆಯದು. ಹಳದಿ ಬಂದರೆ ಅವತ್ತೇ ನಕಲು ತೆಗೆ, ಮರುದಿನಕ್ಕೆ ಬಿಡಬೇಡ. ಪೆನ್‌ಡ್ರೈವಿಗೆ ದೊಡ್ಡ ಮದುವೆ ವಿಡಿಯೋ ಹಾಕಲು ಹೋದರೆ ಜಾಗವಿದ್ದರೂ ಆಗುವುದಿಲ್ಲ ಅನ್ನುತ್ತದಲ್ಲ, ಅದು ಫ್ಯಾಟ್ 32ರ ಮಿತಿ, ಒಂದು ಕಡತ 4 ಜಿಬಿ ಮೀರುವಂತಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡು, ಒಳಗಿದ್ದದ್ದನ್ನು ಮೊದಲು ಬೇರೆಡೆ ಇಟ್ಟುಕೊಂಡು.

ಅಟ್ಟದ ಮೇಲೆ ಒಂದು ಬಿಸ್ಕತ್ತಿನ ಡಬ್ಬ ಇದೆ, ಅದರಲ್ಲಿ ಕ್ಯಾಸೆಟ್ಟುಗಳಿವೆ. ಗುಬ್ಬಿಯ ನಿನ್ನ ದೊಡ್ಡಜ್ಜಿ ಹೇಳಿದ ಸೋಬಾನೆ ಪದಗಳು ಅದರಲ್ಲಿವೆ. ಊರಿನ ಹುಡುಗರು ಆಡಿದ ನಾಟಕದ ರಂಗಗೀತೆಗಳೂ ಇವೆ. 1884ರಲ್ಲಿ ನಾಟಕ ಕಂಪನಿ ಕಟ್ಟಿದ ಊರು ಅದು, ಅಲ್ಲಿ ಹಾರ್ಮೋನಿಯಂ ಮುಂದೆ ಕೂತವನಿಗೆಲ್ಲ ರಾಗ ಬರುತ್ತಿತ್ತು. ದೊಡ್ಡಜ್ಜಿಯ ದನಿ ಬೇರೆಲ್ಲೂ ಇಲ್ಲ. ಅವರು ಹೇಳುತ್ತಿದ್ದ ಪದಗಳಲ್ಲಿ ಕೆಲವನ್ನು ಈಗ ಆ ಬೀದಿಯಲ್ಲಿ ಯಾರೂ ಹೇಳುವುದಿಲ್ಲ. ಟೇಪಿನ ಮೇಲಿನ ಪುಡಿ ಉದುರುವ ಮೊದಲು ಅದನ್ನು ಕಂಪ್ಯೂಟರಿಗೆ ಇಳಿಸುವುದು ನೀನು ಮಾಡಬಹುದಾದ ಅತಿ ದೊಡ್ಡ ಕೆಲಸ.

ಕಷ್ಟವೇನಿಲ್ಲ. ನನ್ನ ಟೇಪ್ ರೆಕಾರ್ಡರ್ ಇನ್ನೂ ತಿರುಗುತ್ತದೆ. ಅದರ ಹೆಡ್ಡನ್ನು ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸು. ಎರಡೂ ತುದಿಗೆ 3.5 ಮಿಲಿಮೀಟರ್ ಪಿನ್ ಇರುವ ವೈರನ್ನು ಟೇಪಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿನ ಹಿಂದಿನ ನೀಲಿ ತೂತಿಗೆ ಸಿಕ್ಕಿಸು, ಗುಲಾಬಿ ಬಣ್ಣದ್ದಕ್ಕಲ್ಲ, ಅದು ಮೈಕಿನದು. ಅಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ರೆಕಾರ್ಡ್ ಒತ್ತು. ದನಿಯ ಪಟ್ಟಿ ಕೆಂಪು ಮುಟ್ಟದಂತೆ ಟೇಪಿನ ವಾಲ್ಯೂಮ್ ಇಳಿಸಿಕೋ, ಒಮ್ಮೆ ಒಡೆದ ದನಿಯನ್ನು ಆಮೇಲೆ ಸರಿಮಾಡಲು ಬರುವುದಿಲ್ಲ. ಉಳಿಸುವಾಗ ವೇವ್ ಇಲ್ಲವೇ ಫ್ಲ್ಯಾಕ್ ರೂಪದಲ್ಲಿ ಉಳಿಸು. ವಾಟ್ಸಾಪಿಗೆ ಕಳಿಸಲು ಬೇಕಾದ ಎಂಪಿ3ಯನ್ನು ಅದರಿಂದ ತೆಗೆದುಕೊಳ್ಳಬಹುದು, ಎಂಪಿ3ಯಲ್ಲಿ ಹೋದ ದನಿಯನ್ನು ಮಾತ್ರ ಮರಳಿ ತರಲಾಗದು. ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳು. ಯಾವ ಪದ ಹಸೆಗೆ ಕೂರಿಸುವಾಗಿನದು, ಯಾವುದು ಆರತಿಯದು, ಅವಳು ಹೇಳುತ್ತಾಳೆ, ಅದನ್ನೂ ಬರೆದಿಡು. ಹೆಸರಿಲ್ಲದ ದನಿ ನಿನ್ನ ಮಕ್ಕಳಿಗೆ ಯಾರದೆಂದು ತಿಳಿಯದು.

ಮದುವೆಯ ಸಿಡಿಗಳದ್ದೂ ಇದೇ ಕಥೆ. ಈಗಿನ ಯಂತ್ರಗಳಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ, ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ಡ್ರೈವ್ ಒಂದನ್ನು ಬೀದಿಯವರೆಲ್ಲ ಸೇರಿ ಕೊಂಡರೂ ಆದೀತು. ಸಿಡಿಯೊಳಗಿನದು ಬೇರೆ ಯಾವುದರಲ್ಲೂ ತೆರೆಯದಿದ್ದರೂ ವಿಎಲ್‌ಸಿಯಲ್ಲಿ ತೆರೆಯುತ್ತದೆ. ಪ್ಯಾರಿಸಿನ ಕಾಲೇಜು ಹುಡುಗರು ತಮ್ಮ ಹಾಸ್ಟೆಲಿನಲ್ಲಿ ವಿಡಿಯೋ ನೋಡಲು 1996ರಲ್ಲಿ ಶುರುಮಾಡಿದ್ದು ಅದು, ಇವತ್ತಿಗೂ ಜಾಹೀರಾತಿಲ್ಲದೆ ಪುಕ್ಕಟೆಯಾಗಿ ಸಿಗುತ್ತದೆ.

ಇನ್ನು ಕನ್ನಡ. ಗುಬ್ಬಿಯ ನಮ್ಮ ಹಿರಿಯರೊಬ್ಬರು ಮನೆತನದ ವಂಶಾವಳಿಯನ್ನು ಕೂತು ಟೈಪ್ ಮಾಡಿಟ್ಟಿದ್ದರು. ಅವರು ಹೋದ ಮೇಲೆ ಮೊಮ್ಮಕ್ಕಳು ತೆರೆದರೆ ಕನ್ನಡದ ಬದಲು ಕೊಂಬು, ಚುಕ್ಕೆ ಹತ್ತಿದ ಪರದೇಶದ ಅಕ್ಷರಗಳು. ಕಡತ ಕೆಟ್ಟಿದೆ ಎಂದು ಅಳಿಸಲು ಹೊರಟಿದ್ದರು. ಕೆಟ್ಟಿರಲಿಲ್ಲ. ಯೂನಿಕೋಡ್ ನಮ್ಮ ಮನೆಗಳಿಗೆ ಬರುವ ಮೊದಲು ನುಡಿ, ಬರಹ ತಂತ್ರಾಂಶಗಳು ಇಂಗ್ಲಿಷ್ ಮತ್ತಿತರ ಪರದೇಶದ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರ ಕೂರಿಸುತ್ತಿದ್ದವು. ಆ ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಅಡಿಯಲ್ಲಿರುವುದು ಹೊರಬೀಳುತ್ತದೆ. ಯೂನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ. ಫಾಂಟ್ ಬದಲಾದರೂ ಕ ಕ ಆಗಿಯೇ ಇರುತ್ತದೆ. ಹುಡುಕಿದರೆ ಸಿಗುತ್ತದೆ. ಆ ವಂಶಾವಳಿಯನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಂದೆವು, ಬರಹ ತಂತ್ರಾಂಶದ ಜೊತೆಗೇ ಅಂಥ ಪರಿವರ್ತಕ ಬರುತ್ತದೆ. ಮನೆಯಲ್ಲಿರುವ ಹಳೇ ಕನ್ನಡ ಕಡತಗಳನ್ನೆಲ್ಲ ಹೀಗೆ ತಂದು ಬಿಡು.

ಕನ್ನಡ ಟೈಪಿಂಗ್ ಕಲಿ. ಮೊಬೈಲಿನಲ್ಲಿ ಮಾತಾಡಿ ಬರೆಸುವುದು ಸುಲಭ, ಬೇಡ ಅನ್ನುವುದಿಲ್ಲ. ಆದರೆ ನಾಲ್ಕು ಪುಟ ಬರೆಯಲು ಬೆರಳೇ ಬೇಕು. ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಮಾಡಿಕೊಟ್ಟ ಕೀಲಿಮಣೆ ನುಡಿಯಲ್ಲಿದೆ, ಸರ್ಕಾರವೂ ಅದನ್ನೇ ಒಪ್ಪಿಕೊಂಡಿದೆ. ಅಲ್ಪಪ್ರಾಣ ನೇರ ಒತ್ತಿದರೆ ಬರುತ್ತದೆ, ಮಹಾಪ್ರಾಣಕ್ಕೆ ಶಿಫ್ಟ್, ಒತ್ತಕ್ಷರಕ್ಕೆ ನಡುವೆ ಎಫ್. ಅ, ಕ, ಎಫ್, ಕ ಒತ್ತಿದರೆ ಅಕ್ಕ. ಒಂದು ವಾರ ಕೈ ತಡವರಿಸುತ್ತದೆ, ಆಮೇಲೆ ಕಣ್ಣೇ ಬೇಡ. ಕಡತಗಳಿಗೂ ಕನ್ನಡದಲ್ಲೇ ಹೆಸರಿಡು, ಮುಂದೆ ದಿನಾಂಕ ಬರೆ, ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ. ಆಗ ಅವು ತಾವಾಗಿ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ಎವೆರಿಥಿಂಗ್ ಎಂಬ ಪುಟ್ಟ ತಂತ್ರಾಂಶ ಹಾಕಿಕೊಂಡರೆ ಪಹಣಿ ಎಂಬುದರ ಎರಡು ಅಕ್ಷರ ಒತ್ತುವಷ್ಟರಲ್ಲಿ ಇಡೀ ಕಂಪ್ಯೂಟರಿನ ಪಹಣಿಗಳು ಎದುರಿಗೆ ಬರುತ್ತವೆ. ಪತ್ರ, ಲೆಕ್ಕಕ್ಕೆ ಲಿಬ್ರೆಆಫೀಸ್ ಧಾರಾಳ ಸಾಕು, ಅದರ ಮೆನುಗಳನ್ನೂ ಕನ್ನಡದಲ್ಲಿ ಮಾಡಿಕೊಳ್ಳಬಹುದು. ಅಜ್ಜಿಗೆ ಅಕ್ಷರ ಕಾಣಿಸದಿದ್ದರೆ ವಿಂಡೋಸ್ ಕೀಲಿಯ ಜೊತೆ ಕೂಡುವ ಚಿಹ್ನೆ ಒತ್ತು, ಪರದೆ ಹಿಗ್ಗುತ್ತದೆ. ಕಣ್ಣು ಪೂರ್ತಿ ಕಾಣದವರಿಗೆ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯನ್ನು ಕನ್ನಡದಲ್ಲೂ ಓದಿ ಹೇಳುತ್ತದೆ.

ಯಾವುದನ್ನೇ ಇಳಿಸಿಕೊಂಡರೂ ಮಾಡಿದವರ ಸ್ವಂತ ತಾಣದಿಂದಲೇ ಇಳಿಸಿಕೋ. ಹುಡುಕಿದಾಗ ಮೇಲ್ಗಡೆ ಬರುವುದು ಎಷ್ಟೋ ಸಲ ಜಾಹೀರಾತು, ದೊಡ್ಡ ಹಸಿರು ಗುಂಡಿ ಒತ್ತಿದರೆ ಬೇಡದ್ದು ಬರುತ್ತದೆ. ವಿಂಡೋಸಿನ ಜೊತೆಗೇ ಬರುವ ಡಿಫೆಂಡರ್ ಮನೆಯ ಬಳಕೆಗೆ ಸಾಲುತ್ತದೆ, ಬೇರೆ ಆಂಟಿವೈರಸ್‌ಗೆ ದುಡ್ಡು ಹಾಕುವ ಬದಲು ಆ ದುಡ್ಡನ್ನು ಡಿಸ್ಕಿಗೆ ಕೂಡಿಡು.

ಪಾಸ್‌ವರ್ಡ್ ನಿನಗೆ ಬಿಟ್‌ವಾರ್ಡನ್‌ನಲ್ಲೋ ಕೀಪಾಸ್‌ನಲ್ಲೋ ಇರಲಿ. ನನಗೂ ಅಜ್ಜಿಗೂ ಒಂದು ನೋಟ್‌ಬುಕ್ ಸಾಕು, ಬೀರುವಿನೊಳಗೆ ಬೀಗದಲ್ಲಿರುತ್ತದೆ. ಯಾರೋ ಫೋನು ಮಾಡಿ, ನಾವು ಬ್ಯಾಂಕಿನವರು, ಪೊಲೀಸಿನವರು, ಒಂದು ಆ್ಯಪ್ ಹಾಕಿಕೊಳ್ಳಿ, ನಿಮ್ಮ ಪರದೆ ನಮಗೆ ಕಾಣಬೇಕು ಎಂದರೆ ಮಾತಾಡದೆ ಫೋನು ಇಡಬೇಕು. ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲೇ ಇಲ್ಲ. ಇದನ್ನು ನೀನು ಅಜ್ಜಿಗೆ ಒಮ್ಮೆ ಹೇಳಿದರೆ ಸಾಲದು, ಆಗಾಗ ಹೇಳುತ್ತಿರು, ನನಗೂ ಹೇಳು. ಹಣ ಹೋಗಿಯೇಬಿಟ್ಟರೆ ತಕ್ಷಣ 1930ಕ್ಕೆ ಕರೆ ಮಾಡಬೇಕು, ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಯಲು ಸಾಧ್ಯವಿರುವುದು ಆ ಮೊದಲ ಗಂಟೆಗಳಲ್ಲೇ. ಈ ಸಂಖ್ಯೆಯನ್ನು ಟೆಲಿಫೋನಿನ ಪಕ್ಕ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸು.

ಎಸ್‌ಎಸ್‌ಡಿ ಹಾಕಿಸಿದ ಮೇಲೆ ಹೊರಬಂದ ಹಳೇ ಡಿಸ್ಕನ್ನು ಗುಜರಿಯವನಿಗೆ ಹಾಗೇ ಕೊಡಬೇಡ. ಡಿಲೀಟ್ ಒತ್ತಿದರೆ ಹೆಸರು ಮಾತ್ರ ಹೋಗುತ್ತದೆ, ಒಳಗಿನದು ಇನ್ನೂ ಅಲ್ಲೇ ಇರುತ್ತದೆ. ಪೂರ್ತಿ ಫಾರ್ಮ್ಯಾಟ್ ಮಾಡು, ಕ್ವಿಕ್ ಎಂಬ ಗುರುತನ್ನು ತೆಗೆದು. ರಾತ್ರಿಯಿಡೀ ಹಿಡಿದರೂ ಹಿಡಿಯಲಿ. ಯುಪಿಎಸ್ಸಿನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ, ಆಗ ಇಡೀ ಯುಪಿಎಸ್ ಬಿಸಾಡಬೇಕಾಗಿಲ್ಲ. ಒಳಗಿರುವುದು ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್ ಅವರ್‌ನ ಸೀಸದ ಬ್ಯಾಟರಿ, ಬೇರೆಯಾಗಿ ಸಿಗುತ್ತದೆ. ನಮ್ಮದು ಈಗ ಕರೆಂಟು ಹೋದ ಕೂಡಲೇ ಕಿರುಗುಟ್ಟಿ ನಿಲ್ಲುತ್ತಿದೆ, ಅದನ್ನೇ ಮೊದಲು ಬದಲಿಸೋಣ. ಹಳೆಯದನ್ನು ಚೀಲದಲ್ಲಿ ಹಾಕಿಕೊಂಡು ಬಿ.ಎಚ್. ರಸ್ತೆಯ ಬ್ಯಾಟರಿ ಅಂಗಡಿಗೆ ಹೋಗು. ಅಳತೆಯೂ ಸರಿಹೋಗುತ್ತದೆ, ಹಳೆಯದರ ಬೆಲೆಯನ್ನೂ ಕಳೆದು ಕೊಡುತ್ತಾರೆ.